ಎಕ್ಸ್‌ಟ್ರಾ ಐಟಂ ಇಲ್ಲದ ಗುತ್ತಿಗೆ

— ನಿನ್ನ ಕಾರ್ಡಿನ ಮೇಲೆ ಪ್ರೊಡ್ಯೂಸರ್ ಅಂತ ಅಚ್ಚಾಗಿದೆಯಲ್ಲಮ್ಮಾ. ಬೇಜಾರು ಮಾಡ್ಕೋಬೇಡ, ನಿನ್ನ ಹತ್ರ ಅಷ್ಟು ದುಡ್ಡು ಎಲ್ಲಿಂದ ಬಂತು?

— ದುಡ್ಡು ನಂದಲ್ಲ ಮಾವ. ಒಂದು ಪೈಸೆಯೂ ನಂದಲ್ಲ.

— ಮತ್ತೆ ಪ್ರೊಡ್ಯೂಸರ್ ಹೇಗಾದೆ? ನಾನು ಗಾಂಧಿನಗರದಲ್ಲಿ ಕಂಡ ಪ್ರೊಡ್ಯೂಸರ್‌ಗಳು ಬಿಳಿ ಪ್ಯಾಂಟು, ಬಿಳಿ ಶರ್ಟು, ಬೆರಳಿಗೆ ನಾಲ್ಕು ಉಂಗುರ. ಲಾಡ್ಜಲ್ಲಿ ರೂಮು ಹಿಡಿದು ಡಿಸ್ಟ್ರಿಬ್ಯೂಟರ್ ಬರ್ತಾನಾ ಅಂತ ಕಾಯ್ತಾ ಕೂತಿರೋರು. ನಮ್ಮ ಕಡೆಯವರೊಬ್ಬರು ತೆಂಗಿನ ತೋಟ ಮಾರಿ ಸಿನಿಮಾ ಮಾಡಿದ್ರು. ಸಿನಿಮಾ ಒಂದು ವಾರ ಓಡ್ತು. ತೋಟ ಇವತ್ತಿಗೂ ಕೊಂಡವರ ಕೈಲೇ ಇದೆ.

— ಅವರು ಸಿನಿಮಾದ ನಿರ್ಮಾಪಕರು. ನಾನು ವಿಎಫ್‌ಎಕ್ಸ್ ನಿರ್ಮಾಪಕಿ. ಅವರ ದುಡ್ಡಿನಲ್ಲಿ ಗ್ರಾಫಿಕ್ಸಿಗೆ ಅಂತ ಒಂದು ಪಾಲು ಎತ್ತಿಡ್ತಾರಲ್ಲ, ಆ ಪಾಲು ಎಲ್ಲಿ ಹೋಯ್ತು, ಎಷ್ಟು ಉಳೀತು, ಕೆಲಸ ಯಾವತ್ತಿಗೆ ಮುಗಿಯುತ್ತೆ, ಮುಗೀದಿದ್ರೆ ಯಾಕೆ — ಇದಕ್ಕೆ ಜವಾಬು ಕೊಡೋಳು. ಅದರಲ್ಲೂ ಎರಡು ಕಡೆ ಇದೆ. ಸಿನಿಮಾ ಕಂಪನಿ ಕಡೆ ಒಬ್ಬರು ಕೂತು ಕೆಲಸವನ್ನ ನಾಲ್ಕೈದು ಸ್ಟುಡಿಯೋಗೆ ಹಂಚ್ತಾರೆ. ಹಂಚಿದ್ದನ್ನ ತಗೊಂಡು ಮಾಡೋ ಸ್ಟುಡಿಯೋದಲ್ಲೂ ಒಬ್ಬರು ಇರ್ತಾರೆ. ನಾನು ಎರಡನೇ ಕಡೆ.

— ಅಂದ್ರೆ ನೀನು ಕಂಟ್ರಾಕ್ಟರ್.

— ಹೂಂ. ಅದೂ ಪೀಸ್‌ವರ್ಕ್ ಕಂಟ್ರಾಕ್ಟರ್.

— ಹಾಗೆ ಹೇಳು ಮತ್ತೆ, ಅರ್ಥ ಆಗುತ್ತೆ. ಮೂವತ್ತೈದು ವರ್ಷ ಪಿಡಬ್ಲ್ಯುಡಿಯಲ್ಲಿ ಮಣ್ಣು ಹೊತ್ತೋನು ನಾನು. ಹಾಗಾದ್ರೆ ಹುಲಿ, ಬೆಟ್ಟ, ಬೆಂಕಿ, ಇವೆಲ್ಲ ಹೇಗೆ ಕಾಣಬೇಕು ಅಂತ ಹೇಳೋನು ಯಾರು?

— ಅದು ಸೂಪರ್‌ವೈಸರ್ ಕೆಲಸ. ಬೆಂಕಿ ಸರಿ ಉರೀತಿಲ್ಲ, ಹುಲಿ ಕಾಲಿಗೆ ಭಾರ ಇಲ್ಲ ಅಂತ ಹೇಳೋರು ಅವರು. ಅವರು ಬೆಳಗಿನ ಡೈಲೀಸ್‌ನಲ್ಲಿ, ಅಂದ್ರೆ ಹಿಂದಿನ ದಿನದ ಕೆಲಸ ಎಲ್ಲಾ ಒಟ್ಟಿಗೆ ಕೂತು ನೋಡೋ ಹೊತ್ತಲ್ಲಿ, "ಇನ್ನೊಂದು ಸಲ ಮಾಡಿ" ಅಂತಾರೆ. ಪಕ್ಕದಲ್ಲಿ ಕೂತ ನಾನು "ಇನ್ನೊಂದು ಸಲ ಅಂದ್ರೆ ಎಷ್ಟು ದಿನ" ಅಂತೀನಿ. ನಮ್ಮಿಬ್ಬರದು ಗಂಡ ಹೆಂಡತಿ ಜಗಳ ಇದ್ದ ಹಾಗೆ. ಹೊರಗಿನವರ ಮುಂದೆ ಇಬ್ಬರೂ ಒಂದೇ ಮಾತು ಆಡಬೇಕು.

— ಎಸ್ಟಿಮೇಟು ಹೇಗೆ ಹಾಕ್ತೀಯ? ನಮಗಾದ್ರೆ ಎಸ್.ಆರ್. ರೇಟು ಇತ್ತು. ಒಂದು ಘನ ಮೀಟರ್ ಮಣ್ಣು ಅಗೆದ್ರೆ ಇಷ್ಟು, ಗಟ್ಟಿ ಬಂಡೆ ಆದ್ರೆ ಇಷ್ಟು, ಎಲ್ಲಾ ಪುಸ್ತಕದಲ್ಲೇ ಇರ್ತಿತ್ತು. ಮೋಡಕ್ಕೆ ಏನು ರೇಟು?

— ಮೋಡಕ್ಕೂ ಆಳುದಿನವೇ ರೇಟು ಮಾವ. ಒಬ್ಬ ಆರ್ಟಿಸ್ಟ್ ಒಂದು ದಿನ ಕೂತು ಮಾಡೋ ಕೆಲಸ ಒಂದು ಮ್ಯಾನ್-ಡೇ. ಒಂದು ಲೆಕ್ಕ ಹೇಳ್ತೀನಿ ಕೇಳಿ. ಗದ್ದೆ ಬದುವಿನ ಮೇಲೆ ಒಂದು ಹುಡುಗಿ ಓಡ್ತಾಳೆ, ಹಿಂದೆ ಆನೆ ಅಟ್ಟಿಸಿಕೊಂಡು ಬರುತ್ತೆ. ಪರದೆ ಮೇಲೆ ಐದು ಸೆಕೆಂಡ್. ಸೆಕೆಂಡಿಗೆ 24 ಫ್ರೇಮು, ಒಟ್ಟು 120 ಚಿತ್ರ. ಶೂಟಿಂಗ್‌ನಲ್ಲಿ ಇರೋದು ಹುಡುಗಿ, ಗದ್ದೆ, ಗದ್ದೆಯಾಚೆ ಒಂದು ಕರೆಂಟ್ ಕಂಬ. ಆನೆ ಇಲ್ಲ. ಮೊದಲು ಕ್ಯಾಮೆರಾ ಹೇಗೆ ಅಲುಗಾಡಿತು ಅನ್ನೋದನ್ನ ಕಂಪ್ಯೂಟರಿಗೆ ಕಲಿಸಬೇಕು, ಅದು ಮ್ಯಾಚ್‌ಮೂವ್, 2 ದಿನ. ಹುಡುಗಿಯ ಅಂಚನ್ನ, ಹಾರಾಡೋ ಕೂದಲು ಸಮೇತ, ಫ್ರೇಮ್ ಫ್ರೇಮಿಗೂ ಕತ್ತರಿಸಬೇಕು, ಅದು ರೋಟೋ, 4 ದಿನ. ಕಂಬ ಅಳಿಸೋಕೆ 2. ಆನೆ ಓಡಿಸೋಕೆ 10. ಕೆಸರು ಎರಚಬೇಕು, ಪೈರು ಬಾಗಬೇಕು, ಅದಕ್ಕೆ 8. ಬೆಳಕು ಹೊಂದಿಸೋಕೆ 4. ಕೊನೆಗೆ ಎಲ್ಲಾ ಸೇರಿಸಿ ಒಂದೇ ಚಿತ್ರ ಅನ್ನೋ ಹಾಗೆ ಮಾಡೋದು ಕಾಂಪಿಂಗ್, 6. ಎಷ್ಟಾಯ್ತು?

— ಮೂವತ್ತಾರು.

— ಐದು ಸೆಕೆಂಡಿಗೆ 36 ಆಳುದಿನ. ಆನೆಯನ್ನೇ ಮೊದಲಿಂದ ಕಟ್ಟೋ ಲೆಕ್ಕ ಬೇರೆ. ಚರ್ಮದ ಸುಕ್ಕು, ಮೂಳೆ, ಕಿವಿ ಬೀಸೋ ರೀತಿ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಒಂದು ಸಿನಿಮಾದಲ್ಲಿ ಇಂಥ ಶಾಟು ಸಾವಿರ ಇರಬಹುದು. ಸ್ಕ್ರಿಪ್ಟು ಕೈಗೆ ಬಂದ ಮೂರು ದಿನದಲ್ಲಿ ಇದಕ್ಕೆಲ್ಲ ಒಟ್ಟು ಮೊತ್ತ ಬರೆದು ಕೊಡಬೇಕು. ಅದರ ಹೆಸರು ಬಿಡ್. ನಾನು ಬಿಡ್ ಹಾಕೋ ಹೊತ್ತಿಗೆ ಸಿನಿಮಾ ಇನ್ನೂ ಶೂಟಾಗಿರೋದೇ ಇಲ್ಲ ಅನ್ನೋದನ್ನ ಮರೀಬೇಡಿ.

— ತಳಪಾಯದ ಮಣ್ಣು ನೋಡದೆ ಟೆಂಡರ್ ಹಾಕಿದ ಹಾಗಾಯ್ತು.

— ಹೂಂ. ಅದಕ್ಕೇ ಸಾಧ್ಯ ಆದಾಗಲೆಲ್ಲ ಶೂಟಿಂಗಿಗೆ ನಾವೂ ಹೋಗ್ತೀವಿ. ಸೂರ್ಯ ಮುಳುಗ್ತಾ ಇರುತ್ತೆ, ಯೂನಿಟ್ಟಿನವರು ಪ್ಯಾಕಪ್ ಅಂತ ಕೂಗ್ತಾ ಇರ್ತಾರೆ. ಆಗ ನಾವು ಮಧ್ಯೆ ನುಗ್ಗಿ, "ನಟರು ಪಕ್ಕಕ್ಕೆ ಹೋಗಿ, ಖಾಲಿ ಜಾಗವನ್ನ ಅರ್ಧ ನಿಮಿಷ ಶೂಟ್ ಮಾಡಿ" ಅಂತ ಕಾಡಬೇಕು. ಅದು ಕ್ಲೀನ್ ಪ್ಲೇಟ್. ಆಮೇಲೆ ಕನ್ನಡಿ ಹಾಗೆ ಹೊಳೆಯೋ ಒಂದು ಗುಂಡು ಹಿಡ್ಕೊಂಡು ಕ್ಯಾಮೆರಾ ಮುಂದೆ ನಿಂತ್ಕೋತೀವಿ, ಆ ಜಾಗದ ಬೆಳಕು ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಗಲಿ ಅಂತ. ಎಲ್ಲರೂ ನಮ್ಮನ್ನ ಜಾತ್ರೆಯಲ್ಲಿ ಕಳೆದುಹೋದವರ ಹಾಗೆ ನೋಡ್ತಾರೆ. ಆ ಅರ್ಧ ನಿಮಿಷ ಸಿಕ್ಕಿದ್ರೆ ಆಫೀಸಿನಲ್ಲಿ ಮೂರು ದಿನ ಉಳಿಯುತ್ತೆ.

— ನಟರು ಒಪ್ಕೋತಾರಾ? ಎದುರಿಗೆ ಏನೂ ಇಲ್ಲದೆ ಹೇಗೆ ಆಡ್ತಾರೆ?

— 'ಈಗ' ನೋಡಿದ್ರಲ್ಲ, 2012ರದ್ದು. ನಮ್ಮ ಸುದೀಪ್ ನೊಣದ ಜೊತೆ ಜಗಳ ಆಡಿ ಆಡಿ ಹುಚ್ಚು ಹಿಡಿಯೋ ಹಾಗೆ ಮಾಡಿದ್ರಲ್ಲ, ಆ ಸಿನಿಮಾ. ಅವರ ಎದುರಿಗೆ ಇದ್ದದ್ದು ಬರೀ ಗಾಳಿ. ಅವರು ಕಣ್ಣು ಹಾಯಿಸಿದ ಜಾಗಕ್ಕೆ ಸರಿಯಾಗಿ ನೊಣ ತಂದು ಕೂರಿಸಬೇಕಾದ್ದು ಗ್ರಾಫಿಕ್ಸಿನವರು. ಹೈದರಾಬಾದಿನ ಮಕುಟ ವಿಎಫ್‌ಎಕ್ಸ್‌ಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎಲ್ಲರೂ ನೊಣ ಹೊಗಳಿದ್ರು. ನನಗೆ ಕೇಳಿದ್ರೆ ಅರ್ಧ ನೊಣ ಮಾಡಿದ್ದು ಸುದೀಪ್ ಕಣ್ಣು.

— ನಮ್ಮ ಕಾಲದಲ್ಲಿ ಇದೆಲ್ಲ ಕ್ಯಾಮೆರಾದಲ್ಲೇ ಆಗೋದು. 'ಬಭ್ರುವಾಹನ' ನೋಡಿದ್ದು 1977ರಲ್ಲಿ. ಅರ್ಜುನನೂ ರಾಜ್‌ಕುಮಾರೇ, ಮಗನೂ ರಾಜ್‌ಕುಮಾರೇ, ಇಬ್ಬರೂ ಎದುರುಬದುರು ನಿಂತು ಸವಾಲು ಹಾಕ್ತಿದ್ರೆ ಟಾಕೀಸಿನಲ್ಲಿ ಚಿಲ್ಲರೆ ಎಸೀತಿದ್ರು. 'ಮಾಯಾಬಜಾರ್'ನಲ್ಲಿ ಘಟೋತ್ಕಚ ಲಾಡು ತಿನ್ನೋದು ನೆನಸ್ಕೋ. ಲಾಡು ತಾನಾಗೇ ಬಾಯಿಗೆ ಹಾರಿ ಬೀಳುತ್ತೆ. ಮಾರ್ಕಸ್ ಬಾರ್ಟ್ಲಿ ಅಂತ ಕ್ಯಾಮೆರಾದವನು, 1957ರಲ್ಲೇ ಮಾಡಿ ಕೂತಿದ್ದ. ಅವನಿಗೆ ಯಾವ ಪ್ರೊಡ್ಯೂಸರಮ್ಮ ಪಕ್ಕದಲ್ಲಿ ಕೂತು ದಿನ ಎಣಿಸ್ತಿದ್ಲು?

— ಅಲ್ಲಿ ತೆಗೆಯೋದೂ ಮುಗಿಸೋದೂ ಹೆಚ್ಚುಕಡಿಮೆ ಒಂದೇ ಕೈ ಮಾವ. ಇಲ್ಲಿ ಒಂದು ಶಾಟು ಏಳು ಕೈ ದಾಟಿ ಹೋಗುತ್ತೆ, ಆ ಏಳು ಕೈ ಬೆಂಗಳೂರು, ಲಂಡನ್, ಮಾಂಟ್ರಿಯಲ್ ಅಂತ ಮೂರು ಊರಲ್ಲಿ ಇರ್ತವೆ. ಎಣಿಸೋರು ಒಬ್ಬರು ಬೇಕೇ ಬೇಕು.

— ಸರಿ, ಒಪ್ಪಿದೆ. ಈಗ ನನ್ನ ಅಸಲು ಪ್ರಶ್ನೆ. ನೀನು 36 ದಿನ ಅಂತ ಬರೆದುಕೊಟ್ಟೆ. ಕೆಲಸ ಮುಗಿಯೋ ಹೊತ್ತಿಗೆ ಡೈರೆಕ್ಟರ್ ಬಂದು, ಆನೆ ಬೇಡ, ಕಾಡೆಮ್ಮೆ ಮಾಡಿ ಅಂತಾನೆ. ನಮ್ಮಲ್ಲಾದ್ರೆ ಅದು ಎಕ್ಸ್‌ಟ್ರಾ ಐಟಂ. ಸೇತುವೆಗೆ ಮೂರು ಕಣ್ಣು ಅಂತ ಪ್ಲಾನು ಕೊಟ್ಟು ಆಮೇಲೆ ನಾಲ್ಕು ಮಾಡಿ ಅಂದ್ರೆ, ನಾಲ್ಕನೇದಕ್ಕೆ ಬೇರೆ ರೇಟು ಮಂಜೂರು ಮಾಡಿಸಿ, ಅಳತೆ ತಗೊಂಡು, ಎಂ.ಬಿ.ಯಲ್ಲಿ, ಅಂದ್ರೆ ಅಳತೆ ಪುಸ್ತಕದಲ್ಲಿ, ಬರೆದು ಸಹಿ ಹಾಕ್ತಿದ್ದೆ. ಎಂ.ಬಿ.ಯಲ್ಲಿ ಬರೀದಿದ್ದು ಆಗೇ ಇಲ್ಲ ಅಂತ ಲೆಕ್ಕ. ನಿಮ್ಮಲ್ಲಿ?

— ಕಾಗದದ ಮೇಲೆ ನಮ್ಮಲ್ಲೂ ಇದೆ. ಚೇಂಜ್ ಆರ್ಡರ್ ಅಂತಾರೆ. ಆದ್ರೆ ಅದನ್ನ ಕೇಳೋಕೆ ಬಾಯಿ ಬರಬೇಕಲ್ಲ.

— ಯಾಕೆ ಬರಲ್ಲ?

— ಸಿನಿಮಾ ಕೊಡೋ ದೊಡ್ಡ ಸ್ಟುಡಿಯೋಗಳು ಲೋಕಕ್ಕೆಲ್ಲ ಸೇರಿ ಬೆರಳೆಣಿಕೆ ಅಷ್ಟೇ. ಮಾಡಿಕೊಡೋರು ನೂರಾರು ಜನ. ಒಮ್ಮೆ ಜೋರಾಗಿ ಕೇಳಿದ್ರೆ ಮುಂದಿನ ಸಿನಿಮಾ ಪಕ್ಕದವನಿಗೆ ಹೋಗುತ್ತೆ. ಮೇಲಾಗಿ ಬದಲಾವಣೆ ಯಾವತ್ತೂ ಬದಲಾವಣೆ ಅಂತ ಹೆಸರಿಟ್ಟುಕೊಂಡು ಬರಲ್ಲ. "ಸ್ವಲ್ಪ ಟ್ರೈ ಮಾಡಿ ನೋಡೋಣ" ಅಂತ ಬರುತ್ತೆ. ನಮ್ಮಲ್ಲಿ ಸಿಬಿಬಿ ಅಂತ ಒಂದು ಮುದ್ರೆ ಇದೆ, ಕುಡ್ ಬಿ ಬೆಟರ್. ಶಾಟು ಪಾಸಾಗಿದೆ, ಆದ್ರೆ ಟೈಮಿದ್ರೆ ಇನ್ನೂ ಚೆನ್ನಾಗಿ ಮಾಡಬಹುದು ಅಂತ. ಪಾಸಾದದ್ದನ್ನ ವಾಪಸ್ ಎಳೆಯೋಕೆ ಇಷ್ಟು ಮರ್ಯಾದಸ್ಥ ದಾರಿ ಇನ್ನೊಂದಿಲ್ಲ.

— ನೀನೂ ಸಿಕ್ಕಿಬಿದ್ದಿದ್ದೀಯ, ಮಾತಿನಲ್ಲೇ ಗೊತ್ತಾಗುತ್ತೆ.

— ಬಿದ್ದಿದ್ದೀನಿ. ಆಗ ನಾನು ಲೈನ್ ಪ್ರೊಡ್ಯೂಸರ್. ಹೊರದೇಶದ ಒಂದು ಸೀರಿಯಲ್ಲು, ರಾತ್ರಿ ದೃಶ್ಯ, ಸುಮಾರು ನಲವತ್ತು ಶಾಟು. ಎಲ್ಲಾ ಫೈನಲ್ ಆಗಿತ್ತು. ಒಂದು ಶುಕ್ರವಾರ ಸಂಜೆ ಮೇಲ್ ಬಂತು, ಈ ದೃಶ್ಯದಲ್ಲಿ ಮಳೆ ಬಂದ್ರೆ ಹೇಗಿರುತ್ತೆ ಅಂತ. ಮಳೆ ಅಂದ್ರೆ ನೀರಿನ ಗೆರೆ ಎಳೆಯೋದು ಅಂತ ಅವರು ಅಂದ್ಕೊಂಡಿದ್ರೋ ಏನೋ. ಮಳೆ ಬಂದ ಮೇಲೆ ನೆಲ ಒದ್ದೆ, ಒದ್ದೆ ನೆಲದಲ್ಲಿ ದೀಪದ ಬಿಂಬ, ಬಟ್ಟೆ ಮೈಗೆ ಅಂಟಬೇಕು, ಕೂದಲಿಂದ ನೀರು ತೊಟ್ಟಿಕ್ಕಬೇಕು. ನಲವತ್ತು ಶಾಟೂ ಮೊದಲಿಂದ. ನಾನು ವಾಪಸ್ ಬರೆದೆ, "ನೋಡ್ತೀವಿ" ಅಂತ. ಅದೊಂದೇ ಪದ. ಅವರು ಅದನ್ನ ಒಪ್ಪಿಗೆ ಅಂತ ಫೈಲ್ ಮಾಡ್ಕೊಂಡ್ರು. ಎರಡು ತಿಂಗಳು ನಮ್ಮಲ್ಲಿ ಯಾರಿಗೂ ಭಾನುವಾರ ಇರಲಿಲ್ಲ. ಕಾಂಪಿಂಗ್ ಮಾಡೋ ಒಬ್ಬ ಹುಡುಗ, ಅರಸೀಕೆರೆ ಕಡೆಯವನು, ತಂಗಿ ಮದುವೆಗೆ ಧಾರೆ ಹೊತ್ತಿಗೆ ಹೋಗಿ ಊಟಕ್ಕೂ ನಿಲ್ಲದೆ ವಾಪಸ್ ಬಂದ. ಅವನಿಗೆ ಅರ್ಧ ದಿನ ರಜೆ ಅಂತ ಬರೆದವಳು ನಾನೇ.

— ದುಡ್ಡು ಬಂತಾ?

— ಒಂದು ರೂಪಾಯಿ ಬರಲಿಲ್ಲ. ಸೀರಿಯಲ್ಲಲ್ಲಿ ಆ ದೃಶ್ಯ ಒಂದೂವರೆ ನಿಮಿಷ ಇದೆ. ಅದರ ಮೇಲೆ ಮಳೆ ಚೆನ್ನಾಗೇ ಬೀಳ್ತಾ ಇದೆ.

— ನೋಡಮ್ಮಾ, ತಪ್ಪು ನಿಂದೇ. "ನೋಡ್ತೀವಿ" ಅನ್ನೋದು ಕಂಟ್ರಾಕ್ಟಿನ ಭಾಷೆ ಅಲ್ಲ.

— ನಂದೇ. ಆಮೇಲಿಂದ ಆ ಪದವನ್ನ ನಾನು ಬರೆದಿಲ್ಲ. "ಇದಕ್ಕೆ 210 ಆಳುದಿನ ಆಗುತ್ತೆ, ಒಪ್ಪಿಗೆ ಕೊಡಿ" ಅಂತ ಬರೀತೀನಿ. ಅರ್ಧಕ್ಕರ್ಧ ಸಲ "ಹಾಗಾದ್ರೆ ಬೇಡ ಬಿಡಿ" ಅಂತ ಉತ್ತರ ಬರುತ್ತೆ. ಮಳೆ ಅಷ್ಟೇನೂ ಬೇಕಾಗಿರಲಿಲ್ಲ ಅಂತ ಆಗ ಗೊತ್ತಾಗುತ್ತೆ. ಆದ್ರೆ ಇದು ನನ್ನೊಬ್ಬಳ ತಪ್ಪಿನ ಕತೆ ಆಗಿದ್ರೆ ಚಿಂತೆ ಇರಲಿಲ್ಲ ಮಾವ. 'ಲೈಫ್ ಆಫ್ ಪೈ' ನೋಡಿದ್ದೀರಲ್ಲ?

— ದೋಣಿಯಲ್ಲಿ ಹುಲಿ ಜೊತೆ ಹುಡುಗ. ಟಿವಿಯಲ್ಲಿ ಬಂದಿತ್ತು. ಹುಲಿ ನಿಜವಾದದ್ದೇ ಅಂತ ನಿನ್ನತ್ತೆ ಇವತ್ತಿಗೂ ವಾದ ಮಾಡ್ತಾಳೆ.

— ಕೆಲವೇ ಕಡೆ ನಿಜವಾದದ್ದು. ಬಹುಪಾಲು ಕಂಪ್ಯೂಟರಿನದು. ಮಾಡಿದ್ದು ಲಾಸ್ ಏಂಜಲೀಸ್‌ನ ರಿದಮ್ ಅಂಡ್ ಹ್ಯೂಸ್. 1987ರಲ್ಲಿ ಶುರುವಾದ ಸ್ಟುಡಿಯೋ, ಮುಂಬೈ, ಹೈದರಾಬಾದಿನಲ್ಲೂ ಅವರ ಶಾಖೆ ಇತ್ತು. ಮಾತಾಡೋ ಹಂದಿಮರಿ 'ಬೇಬ್'ಗೆ ಆಸ್ಕರ್ ತಗೊಂಡವರು. ಆ ಹುಲಿ ಸಿನಿಮಾ ಲೋಕದಾದ್ಯಂತ 600 ಮಿಲಿಯನ್ ಡಾಲರಿಗೂ ಮೇಲೆ ದುಡೀತು. ಹುಲಿ ಮಾಡಿದ ಸ್ಟುಡಿಯೋ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು. ಅದೇ ತಿಂಗಳು 24ಕ್ಕೆ ಆಸ್ಕರ್ ಸಮಾರಂಭ. ಅದೇ ಹುಲಿಗೆ ಪ್ರಶಸ್ತಿ. ಹೊರಗಡೆ ಬೀದಿಯಲ್ಲಿ ಗ್ರಾಫಿಕ್ಸ್ ಕೆಲಸಗಾರರು ಬೋರ್ಡು ಹಿಡ್ಕೊಂಡು ನಿಂತಿದ್ರು. ಒಳಗಡೆ ಪ್ರಶಸ್ತಿ ತಗೊಂಡ ಸೂಪರ್‌ವೈಸರ್ ಬಿಲ್ ವೆಸ್ಟನ್‌ಹೋಫರ್ ತಮ್ಮ ಸ್ಟುಡಿಯೋದ ಕಷ್ಟ ಹೇಳೋಕೆ ಹೊರಟ್ರು. ಅಷ್ಟರಲ್ಲಿ ಹೊತ್ತು ಮೀರಿತು ಅಂತ ಶಾರ್ಕ್ ಮೀನಿನ ಸಿನಿಮಾ 'ಜಾಸ್'ದು ಭಯದ ಸಂಗೀತ ಹಾಕಿ ಮೈಕ್ ನಿಲ್ಲಿಸಿದ್ರು.

— ಇಷ್ಟು ದುಡಿದ ಸಿನಿಮಾದಿಂದ ಅವರಿಗೆ ಪಾಲು ಇರಲಿಲ್ಲವಾ?

— ಗಾರೆ ಕೆಲಸದವನಿಗೆ ಮನೆ ಬಾಡಿಗೆಯಲ್ಲಿ ಪಾಲು ಕೊಡ್ತಾರಾ? ಒಪ್ಪಿಕೊಂಡ ಮೊತ್ತ ಅಷ್ಟೇ. ಸಿನಿಮಾ ಎಷ್ಟು ತಿಂಗಳು ಮುಂದಕ್ಕೆ ಹೋದ್ರೂ ಕೂರಿಸಿಕೊಂಡ ಜನಕ್ಕೆ ಸಂಬಳ ಕೊಡಬೇಕಾದ್ದು ಸ್ಟುಡಿಯೋ. ಅದರ ಜೊತೆಗೆ ಕೆನಡಾ, ಬ್ರಿಟನ್ ಸರ್ಕಾರಗಳು ನಮ್ಮಲ್ಲಿ ಕೆಲಸ ಮಾಡಿಸಿದ್ರೆ ತೆರಿಗೆ ವಾಪಸ್ ಕೊಡ್ತೀವಿ ಅಂತ ಕರೆಯೋಕೆ ಶುರು ಮಾಡಿದ್ವು. ಕೆಲಸ ಅತ್ತ ಹರೀತು, ಅದರ ಹಿಂದೆ ಜನ ಗಂಟುಮೂಟೆ ಕಟ್ಕೊಂಡು ಹೊರಟ್ರು. ಕೂಲಿ ಕಡಿಮೆ ಅಂತ ನಮ್ಮ ಬೆಂಗಳೂರಿಗೂ ಹರೀತು. ಅದರಿಂದ ಊಟ ಮಾಡಿದವಳೇ ನಾನು, ಆ ಲೆಕ್ಕ ಮುಚ್ಚಿಡೋಕೆ ಆಗಲ್ಲ. 2016ರ 'ಜಂಗಲ್ ಬುಕ್'ನಲ್ಲಿ ಆ ಮಗು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಕಂಪ್ಯೂಟರಿನದೇ. ಎಂಪಿಸಿ ಅನ್ನೋ ಸ್ಟುಡಿಯೋ ಮಾಡಿದ್ದು, ಬೆಂಗಳೂರಿನ ಹುಡುಗರ ಕೈಕೆಲಸ ಅದರಲ್ಲಿ ತುಂಬಾ ಇದೆ. ಅದಕ್ಕೂ ಆಸ್ಕರ್ ಬಂತು.

— ಆ ಕಂಪನಿಯೇ ಅಲ್ಲವಾ ಈಚೆಗೆ ಬಾಗಿಲು ಹಾಕಿದ್ದು? ಪೇಪರಲ್ಲಿ ಓದಿದ ನೆನಪು.

— ಅದೇ. ಎಂಪಿಸಿಯ ಮಾಲೀಕ ಟೆಕ್ನಿಕಲರ್, ಹೆಸರು ಹಳೇದು, ಕಂಪನಿ ಫ್ರಾನ್ಸಿನದು. 2025ರ ಫೆಬ್ರವರಿಯಲ್ಲಿ ಕೆಲವೇ ದಿನದಲ್ಲಿ ಕುಸಿದುಹೋಯ್ತು. ಬೆಂಗಳೂರು, ಮುಂಬೈ ಸೇರಿ ಸುಮಾರು 3,000 ಜನ ಬೀದಿಗೆ ಬಂದ್ರು. ನನ್ನ ಜೊತೆ ಕೋಆರ್ಡಿನೇಟರ್ ಆಗಿ ಶುರು ಮಾಡಿದವರು ಅವರಲ್ಲಿ ಎಷ್ಟೋ ಜನ. ಹಿಂದಿನ ವರ್ಷ ಡಿಸೆಂಬರಿನಲ್ಲಿ ಅವರು ಮಾಡಿದ 'ಮುಫಾಸಾ' ಬಿಡುಗಡೆ ಆಗಿತ್ತು. ನೋಡಿ, ಎರಡು ತಿಂಗಳು.

— ಫೆಬ್ರವರಿ ನಿಮಗೆ ಆಗಿಬರಲ್ಲ ಅನ್ನಿಸುತ್ತೆ.

— ನೀವು ನಗಿಸ್ತೀರಿ.

— ನಗದೆ ಏನು ಮಾಡೋದು? ನಾನು ಬಂದದ್ದೇ ಇದಕ್ಕೆ. ಮೊಮ್ಮಗ ಪಿಯುಸಿ ಮುಗಿಸಿದ್ದಾನೆ, ತುಮಕೂರಿನಲ್ಲಿ ಕೂತು ಅನಿಮೇಷನ್ ಕೋರ್ಸ್ ಮಾಡ್ತೀನಿ, ನಿನ್ನ ಹಾಗೆ ಪ್ರೊಡ್ಯೂಸರ್ ಆಗ್ತೀನಿ ಅಂತಾನೆ. ಫೀಸು ನಾಲ್ಕು ಲಕ್ಷ. ಅವರಪ್ಪ ನನ್ನ ಕೇಳು ಅಂದ, ನಾನು ನಿನ್ನ ಕೇಳ್ತಾ ಇದ್ದೀನಿ. ನೀನು ಯಾವ ಕೋರ್ಸು ಮಾಡಿದ್ದೆ?

— ಬಿ.ಕಾಂ. ನಿಮಗೇ ಗೊತ್ತಲ್ಲ, ಎರಡನೇ ವರ್ಷ ಕಾಸ್ಟ್ ಅಕೌಂಟಿಂಗ್ ಹೋಗಿತ್ತು. ಆಮೇಲೆ ಅದರಲ್ಲೇ ಹೊಟ್ಟೆ ಹೊರೆಯೋ ಹಾಗಾಯ್ತು. ಸೇರಿದ್ದು ನೈಟ್ ಶಿಫ್ಟಿಗೆ. ರಾತ್ರಿಯೆಲ್ಲ ನೂರಾರು ಕಂಪ್ಯೂಟರ್ ಚಿತ್ರ ಬೇಯಿಸ್ತಾ ಇರ್ತವೆ, ಅದು ರೆಂಡರ್. ಯಾವುದು ನಿಂತುಹೋಯ್ತು ಅಂತ ನೋಡಿ ಬರೆದಿಡೋದು ನನ್ನ ಕೆಲಸ. ಹಾಲು ಕಾಯಿಸಿಟ್ಟು ಉಕ್ಕದ ಹಾಗೆ ನೋಡ್ಕೊಳ್ಳೋ ಕೆಲಸ. ಆಮೇಲೆ ಕೋಆರ್ಡಿನೇಟರ್, ಅಂದ್ರೆ ಡೈಲೀಸ್‌ನಲ್ಲಿ ಸೂಪರ್‌ವೈಸರ್ ಆಡಿದ ಮಾತೆಲ್ಲ ಬರಕೊಂಡು ಆರ್ಟಿಸ್ಟಿಗೆ ಅರ್ಥ ಆಗೋ ಹಾಗೆ ಮುಟ್ಟಿಸೋದು. "ಇದಕ್ಕೆ ಜೀವ ಇಲ್ಲ" ಅಂತ ಅವರು ಅಂದ್ರೆ, ಜೀವ ಅಂದ್ರೆ ಬೆಳಕಾ, ಚಲನೆಯಾ ಅಂತ ವಿಚಾರಿಸಿ ಬರೀಬೇಕು. ನಾಲ್ಕು ವರ್ಷ ಅದನ್ನೇ ಮಾಡಿದೆ. ಆಮೇಲೆ ಲೈನ್ ಪ್ರೊಡ್ಯೂಸರ್, ಆಮೇಲೆ ಇದು. ಕುಂಚ ಹಿಡಿದವಳಲ್ಲ ನಾನು.

— ಅಂದ್ರೆ ಕಲೆ ಗೊತ್ತಿಲ್ಲದಿದ್ರೂ ಆಗುತ್ತೆ?

— ಕಣ್ಣು ಬೇಕು, ಕೈ ಇಲ್ಲದಿದ್ರೂ ನಡೆಯುತ್ತೆ. ಬೇರೆ ದಾರಿಯಿಂದ ಬಂದವರೂ ಇದ್ದಾರೆ. ಪಿಕ್ಸಾರ್‌ನಲ್ಲಿ ಗೇಲಿನ್ ಸುಸ್‌ಮನ್ ಅಂತ ಒಬ್ಬರು, ತಾಂತ್ರಿಕ ಕಡೆಯಿಂದ ಬಂದವರು. ಅವರ ಕತೆ ನಿಮಗೆ ಹೇಳಲೇಬೇಕು. 1998ರಲ್ಲಿ 'ಟಾಯ್ ಸ್ಟೋರಿ 2' ಕೆಲಸ ನಡೀತಾ ಇತ್ತು. ಒಂದು ದಿನ ಯಾರೋ ಕಂಪ್ಯೂಟರಿಗೆ ತಪ್ಪು ಆಜ್ಞೆ ಕೊಟ್ರು, ಸಿನಿಮಾದ ಫೈಲುಗಳು ಕಣ್ಣ ಮುಂದೇ ಒಂದೊಂದಾಗಿ ಅಳಿಸಿಹೋಗೋಕೆ ಶುರುವಾಯ್ತು. ಪ್ಲಗ್ ಕೀಳೋ ಹೊತ್ತಿಗೆ ಬಹುಪಾಲು ಹೋಗಿತ್ತು. ಬ್ಯಾಕಪ್ ತೆಗೆದು ನೋಡಿದ್ರೆ ಅದೂ ಸರಿಯಾಗಿ ಆಗಿರಲೇ ಇಲ್ಲ.

— ಅಯ್ಯೋ ಶಿವನೇ.

— ಗೇಲಿನ್‌ಗೆ ಆಗಷ್ಟೇ ಹೆರಿಗೆ ಆಗಿತ್ತು. ಕೂಸು ನೋಡ್ಕೊಂಡು ಮನೆಯಿಂದಲೇ ಕೆಲಸ ಮಾಡೋಣ ಅಂತ ಮನೆ ಕಂಪ್ಯೂಟರಿಗೆ ಸಿನಿಮಾದ ಒಂದು ಪ್ರತಿ ಹಾಕ್ಕೊಂಡಿದ್ರು. ಆ ಕಂಪ್ಯೂಟರನ್ನ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬಾಣಂತಿ ಕರ್ಕೊಂಡು ಬಂದ ಹಾಗೆ ನಿಧಾನಕ್ಕೆ ಆಫೀಸಿಗೆ ತಂದ್ರು. ಸಿನಿಮಾ ಉಳೀತು. ಇದನ್ನ ಎಲ್ಲರೂ ಹೇಳ್ತಾರೆ. ಇದರ ಮುಂದಿನದನ್ನ ಹೇಳೋರು ಕಡಿಮೆ. ಹಾಗೆ ಉಳಿಸಿದ ಸಿನಿಮಾದ ಕತೆ ಸರಿ ಇಲ್ಲ ಅಂತ ಆಮೇಲೆ ದೊಡ್ಡವರಿಗೆ ಅನ್ನಿಸ್ತು. ಹೆಚ್ಚಿನ ಭಾಗ ಬಿಸಾಕಿ, ಒಂಬತ್ತು ತಿಂಗಳಲ್ಲಿ ಮತ್ತೆ ಮಾಡಿದ್ರು. ಮಣಿಕಟ್ಟು ನೋವು ಬಂದು ಕೈ ಬಿದ್ದುಹೋದವರು ಎಷ್ಟೋ ಜನ. 1999ರ ನವೆಂಬರಿಗೆ ಬಿಡುಗಡೆ ಆಯ್ತು, ಜನ ಕೊಂಡಾಡಿದ್ರು.

— ಆ ಹೆಣ್ಣುಮಗಳು ಆಮೇಲೆ ಏನಾದ್ರು?

— ಮೆಟ್ಟಿಲು ಹತ್ತಿದ್ರು. 'ರಾಟಟೂಯಿ'ಗೆ ಅಸೋಸಿಯೇಟ್ ಪ್ರೊಡ್ಯೂಸರ್. 2022ರಲ್ಲಿ 'ಲೈಟ್‌ಇಯರ್'ಗೆ ಪೂರ್ತಿ ಪ್ರೊಡ್ಯೂಸರ್. ಆ ಸಿನಿಮಾ ಓಡಲಿಲ್ಲ. 2023ರಲ್ಲಿ ಪಿಕ್ಸಾರ್ 75 ಜನರನ್ನ ಕೆಲಸದಿಂದ ತೆಗೀತು. ಆ 75 ಜನರಲ್ಲಿ ಇವರೂ ಒಬ್ಬರು.

— ಕಂಬಳಿ ಸುತ್ತಿ ತಂದವಳನ್ನ?

— ಅವರನ್ನೇ. ನಿಮ್ಮ ಮೊಮ್ಮಗನಿಗೆ ಈ ಕತೆ ಪೂರ್ತಿ ಹೇಳಿ, ಅರ್ಧಕ್ಕೆ ನಿಲ್ಲಿಸಬೇಡಿ.

— ನೀನು ಅವನ ಕಡೆಯೋ ನನ್ನ ಕಡೆಯೋ ಗೊತ್ತಾಗ್ತಾ ಇಲ್ಲ. ಗ್ರಾಫಿಕ್ಸ್ ಬೇರೆ, ಅನಿಮೇಷನ್ ಬೇರೆ ಅಂತಾನೆ ಅವನು. ಹೌದಾ?

— ಕೈಕೆಲಸ ಒಂದೇ ಥರ, ಮನೆತನ ಬೇರೆ. ಗ್ರಾಫಿಕ್ಸಲ್ಲಿ ಇನ್ನೊಬ್ಬರು ಶೂಟ್ ಮಾಡಿದ್ದಕ್ಕೆ ನಾವು ತೇಪೆ ಹಾಕೋದು. 1993ರ 'ಜುರಾಸಿಕ್ ಪಾರ್ಕ್'ನಲ್ಲಿ ಡೈನೋಸಾರ್ ಕಾಣೋದೇ ಸುಮಾರು 15 ನಿಮಿಷ. ಅದರಲ್ಲೂ ಕಂಪ್ಯೂಟರಿನದು ಆರು ನಿಮಿಷದ ಆಸುಪಾಸು, ಮಿಕ್ಕದ್ದು ಯಂತ್ರದ ಬೊಂಬೆ. ಅನಿಮೇಷನ್ನಲ್ಲಿ ಶೂಟಿಂಗೇ ಇಲ್ಲ, ಮೊದಲ ಫ್ರೇಮಿಂದ ಕೊನೇ ಫ್ರೇಮಿನವರೆಗೂ ನಾವೇ. ಎರಡು ವರ್ಷ ಆದ ಮೇಲೆ 'ಟಾಯ್ ಸ್ಟೋರಿ' ಬಂತು, 1995ರಲ್ಲಿ. 1,14,240 ಫ್ರೇಮು, ಒಂದೊಂದೂ ಕಂಪ್ಯೂಟರಲ್ಲೇ ಬೆಂದದ್ದು. ಅಲ್ಲಿ ಪ್ರೊಡ್ಯೂಸರ್ ಮೊದಲ ಚಿತ್ರ ಬರೆಯೋ ದಿನದಿಂದ ಇರ್ತಾರೆ, ನಾಲ್ಕೈದು ವರ್ಷ. ಎಡಿಟಿಂಗು ಮೊದಲು ಮಾಡ್ತಾರೆ, ಗೆರೆ ಚಿತ್ರ ಜೋಡಿಸಿ, ತಮ್ಮದೇ ದನಿ ಹಾಕಿ, ಪೂರ್ತಿ ಸಿನಿಮಾ ನೋಡಿ, ಚೆನ್ನಾಗಿಲ್ಲ ಅಂದ್ರೆ ಗೆರೆಯಲ್ಲಿರೋವಾಗಲೇ ಹರಿದು ಹಾಕ್ತಾರೆ. ಕಾಗದ ಹರಿಯೋಕೆ ಏನು ಖರ್ಚು? ಆನೆ ಕಾಡೆಮ್ಮೆ ಆಗಬೇಕಾದ್ರೆ ಅಲ್ಲೇ ಆಗಬೇಕು. ನನ್ನ ಕೇಳಿದ್ರೆ ನಮ್ಮ ಸಿನಿಮಾದವರು ಅನಿಮೇಷನ್ನವರಿಂದ ಕದೀಬೇಕಾದ ವಿದ್ಯೆ ಇದೊಂದೇ.

— ಈ ಕಡೆಯಿಂದ ಆ ಕಡೆ ಹೋದವರು ಇದ್ದಾರಾ?

— ಇದ್ದಾರೆ. ಜ್ಯಾನೆಟ್ ಹೀಲಿ ಅಂತ. ಅದೇ 'ಜುರಾಸಿಕ್ ಪಾರ್ಕ್'ಗೆ ಐಎಲ್‌ಎಂ ಸ್ಟುಡಿಯೋ ಕಡೆಯಿಂದ ನಾನು ಮಾಡೋ ಕೆಲಸ ಮಾಡಿದವರು. ಆಮೇಲೆ ಅನಿಮೇಷನ್ ಕಡೆ ತಿರುಗಿ 2004ರಲ್ಲಿ 'ಶಾರ್ಕ್ ಟೇಲ್', 2010ರಲ್ಲಿ 'ಡೆಸ್ಪಿಕಬಲ್ ಮಿ', 2015ರಲ್ಲಿ 'ಮಿನಿಯನ್ಸ್' ನಿರ್ಮಾಣ ಮಾಡಿದ್ರು. ನಿಮ್ಮ ಚಿಕ್ಕ ಮೊಮ್ಮಗಳ ನೀರಿನ ಬಾಟ್ಲಿ ಮೇಲೆ ಹಳದಿ ಗೊಂಬೆ ಇದೆಯಲ್ಲ, ಅದು.

— ಆ ಕನ್ನಡಕದ ಗೊಂಬೆಗೆ ನಾನು ಮುನ್ನೂರ ಐವತ್ತು ರೂಪಾಯಿ ಕೊಟ್ಟಿದ್ದೀನಿ. ಹೋಗಲಿ. ಕಂಟ್ರಾಕ್ಟರ್ ತಾನೇ ಮನೆ ಕಟ್ಟಿಸಿಕೊಂಡ ಉದಾಹರಣೆ ನಮ್ಮಲ್ಲಿ ಇಲ್ಲವಾ?

— ಈಗ ಅದೇ ನಡೀತಾ ಇರೋದು. ಮುಂಬೈಯ ನಮಿತ್ ಮಲ್ಹೋತ್ರಾ, ಅಜ್ಜ ಛಾಯಾಗ್ರಾಹಕ, ತಂದೆ ನಿರ್ಮಾಪಕ. ಈತ 1990ರ ದಶಕದಲ್ಲಿ ಮನೆ ಗ್ಯಾರೇಜಿನಲ್ಲಿ ಎಡಿಟಿಂಗ್ ಅಂಗಡಿ ಇಟ್ಟವನು, ಪ್ರೈಮ್ ಫೋಕಸ್ ಕಟ್ಟಿದ. 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಅವರ ಜೊತೆ ಸೇರ್ತು. ಈಗ ಡಿನೆಗ್ ಅಂತಾರೆ, 'ಡ್ಯೂನ್' ಎರಡನೇ ಭಾಗಕ್ಕೆ ಬಂದದ್ದು ಆ ಸ್ಟುಡಿಯೋದ ಎಂಟನೇ ಆಸ್ಕರ್. ಅಷ್ಟು ವರ್ಷ ಬೇರೆಯವರ ಸಿನಿಮಾಗೆ ಕೆಲಸ ಮಾಡಿ ಈಗ ತಾನೇ 'ರಾಮಾಯಣ' ಮಾಡಿಸ್ತಾ ಇದ್ದಾನೆ. ನಮ್ಮ ಯಶ್ ಅದರಲ್ಲಿ ರಾವಣ, ನಿರ್ಮಾಣದಲ್ಲೂ ಪಾಲುದಾರ. ಎರಡು ಭಾಗ, 2026 ಮತ್ತು 2027ರ ದೀಪಾವಳಿಗೆ ಅಂತ ಪ್ರಕಟಣೆ.

— ರಾವಣನ ಹತ್ತು ತಲೆಗೆ ಎಷ್ಟು ಆಳುದಿನ ಹಾಕಿರಬಹುದು?

— ಹಾಕಿದವರಿಗೇ ಗೊತ್ತು. ಆದ್ರೆ ತಲೆ ಬದಲಾಯಿಸಿ ಅನ್ನೋನೂ ಅವನೇ, ಖರ್ಚು ಹೊರೋನೂ ಅವನೇ. ಹಾಗಾಗಿ ಸ್ವಲ್ಪ ಯೋಚನೆ ಮಾಡಿ ಹೇಳ್ತಾನೆ. ನನಗೆ ಅಷ್ಟು ಸಾಕು. 2025ರಲ್ಲಿ ನಮ್ಮ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' ಬಂತಲ್ಲ, ಪೂರ್ತಿ ಅನಿಮೇಷನ್. ಸ್ಟಾರ್‌ಗಳಿಲ್ಲ, ಹೀರೋ ಇಲ್ಲ, ಆದ್ರೂ ಥಿಯೇಟರಿನಲ್ಲಿ ಚಪ್ಪಲಿ ಬಿಟ್ಟು ಕೂತು ನೋಡಿದವರಿದ್ದಾರೆ. ಕೈಕೆಲಸ ಎಲ್ಲಾ ಕಡೆ ಅಷ್ಟು ನಯವಾಗಿಲ್ಲ, ನನ್ನ ಕಣ್ಣಿಗೆ ಚುಚ್ತು. ಜನರಿಗೆ ಚುಚ್ಚಲಿಲ್ಲ. ಸಿಬಿಬಿ ಅನ್ನೋರು ಇದನ್ನ ಗಮನಿಸಬೇಕು.

— ಸರ್ಕಾರ ಏನೋ ಮಾಡಿದೆ ಅಂತಾರಲ್ಲ?

— ಅನಿಮೇಷನ್, ಗ್ರಾಫಿಕ್ಸ್, ಗೇಮಿಂಗಿಗೆ ಅಂತ ಕರ್ನಾಟಕ 2012ರಲ್ಲೇ ನೀತಿ ತಂತು. ಈಗಿನದು 2024ರಿಂದ 29ರವರೆಗೆ. ತರಬೇತಿಗೆ ಒಳ್ಳೇದು. ಆದ್ರೆ ಕಲಿತವರು ಹತ್ತೋ ಮೊದಲ ಮೆಟ್ಟಿಲೇ ಅಲುಗಾಡ್ತಾ ಇದೆ ಮಾವ. ಇಲ್ಲಿವರೆಗೆ ಹೊಸ ಹುಡುಗರು ರೋಟೋದಿಂದ ಶುರು ಮಾಡ್ತಿದ್ರು. ಕೂದಲು ಕತ್ತರಿಸ್ತಾ ಕತ್ತರಿಸ್ತಾ ಕಣ್ಣು ಪಳಗೋದು. ಈಗ ಆ ಕೆಲಸದ ಒಂದು ದೊಡ್ಡ ಪಾಲು ಎಐ ಸಾಫ್ಟ್‌ವೇರೇ ಮಾಡುತ್ತೆ. ನಾನೇ ಬಿಡ್‌ನಲ್ಲಿ 4 ಇದ್ದದ್ದನ್ನ 2 ಅಂತ ಬರೆಯೋಕೆ ಶುರು ಮಾಡಿದ್ದೀನಿ. ಗ್ರಾಹಕರು 1 ಅಂತ ಚೌಕಾಸಿ ಮಾಡ್ತಾರೆ. ಪ್ರೊಡ್ಯೂಸರ್ ಆಗಬೇಕಾದೋನು ಇದನ್ನೆಲ್ಲ ಕೆಳಗಿನಿಂದ ನೋಡಿರಬೇಕು. ಕೆಳಗೇ ಜಾಗ ಇಲ್ಲದಿದ್ರೆ ಎಲ್ಲಿಂದ ನೋಡ್ತಾನೆ ಅನ್ನೋದು ನನ್ನ ಚಿಂತೆ.

— ಹಾಗಾದ್ರೆ ಬೇಡ ಅಂತೀಯ?

— ಬೇಡ ಅನ್ನಲ್ಲ. ಈ ಕೆಲಸದಲ್ಲಿ ಒಂದು ಸುಖ ಇದೆ. ಖಾಲಿ ಗದ್ದೆಯಲ್ಲಿ ಆನೆ ಓಡಿದ ಮೊದಲ ದಿನ ಕೋಣೆಯಲ್ಲಿ ಇರೋ ಇಪ್ಪತ್ತು ಜನರೂ ಸುಮ್ಮನಾಗ್ತಾರೆ. ಕೆಸರು ಎರಚಿದ್ದಕ್ಕೆ ಯಾರೋ ಒಬ್ಬರು ಕಾಲು ಹಿಂದಕ್ಕೆ ಎಳ್ಕೋತಾರೆ. ಅದನ್ನ ನಾನು ಹದಿನಾರು ವರ್ಷ ನೋಡಿದ್ದೀನಿ, ಇನ್ನೂ ಸಾಕಾಗಿಲ್ಲ.

— ನಾಲ್ಕು ಲಕ್ಷದ ವಿಷಯ ಹೇಳು.

— ಅವನ ಹತ್ರ ಕಂಪ್ಯೂಟರ್ ಇದೆಯಾ?

— ಕೋವಿಡ್ ಕಾಲದಲ್ಲಿ ಕೊಡಿಸಿದ್ದು ಇದೆ. ಅದರಲ್ಲಿ ಆಟ ಆಡ್ತಾನೆ.

— ಸಾಕು. ಬ್ಲೆಂಡರ್ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. ಲಾಟ್ವಿಯಾ ಅನ್ನೋ ಪುಟ್ಟ ದೇಶದವರು ಅದರಲ್ಲೇ 'ಫ್ಲೋ' ಅಂತ ಬೆಕ್ಕಿನ ಸಿನಿಮಾ ಮಾಡಿ 2025ರಲ್ಲಿ ಅನಿಮೇಷನ್ ಆಸ್ಕರ್ ತಗೊಂಡ್ರು. ಇವನು ಸಿನಿಮಾ ಮಾಡೋದು ಬೇಡ. ಹತ್ತು ಸೆಕೆಂಡ್ ಮಾಡಲಿ, 240 ಫ್ರೇಮು. ನಿಮ್ಮ ಮನೆ ಹಿತ್ತಲಿನಲ್ಲಿ ಏನಾದ್ರೂ ಓಡಿಸಲಿ, ಕೋಳಿಯಾದ್ರೂ ಸರಿ. ಒಬ್ಬನೇ ಬೇಡ, ಇಬ್ಬರು ಗೆಳೆಯರನ್ನ ಸೇರಿಸ್ಕೊಂಡು ಮಾಡಲಿ. ಶುರು ಮಾಡೋ ಮುಂಚೆ ಎಷ್ಟು ದಿನ ಆಗುತ್ತೆ ಅಂತ ಒಂದು ಪುಸ್ತಕದಲ್ಲಿ ಬರೀಲಿ. ದಿನಾ ಯಾರು ಎಷ್ಟು ಗಂಟೆ ಕೂತ್ರು ಅಂತ ಬರೀಲಿ. ಮಧ್ಯದಲ್ಲಿ ನೀವು ಹೋಗಿ, "ಕೋಳಿ ಬೇಡ, ಬಾತುಕೋಳಿ ಮಾಡಿ" ಅಂತ ಹೇಳಿ.

— ನಾನಾ?

— ನೀವೇ. ಆಗ ಅವನು ಏನು ಬರೀತಾನೆ ನೋಡಬೇಕು.

— "ನೋಡ್ತೀನಿ ತಾತ" ಅಂದುಬಿಟ್ರೆ?

— ನನಗೆ ಫೋನ್ ಮಾಡಿ.

— ಎಂ.ಬಿ. ಬರೆಯೋದು ನಾನೇ ಕಲಿಸ್ತೀನಿ ಬಿಡು. ಹೋಗ್ತಾ ಅವೆನ್ಯೂ ರೋಡಿನಲ್ಲಿ ಇನ್ನೂರು ಪುಟದ ಉದ್ದನೇ ಪುಸ್ತಕ ಒಂದು ತಗೋತೀನಿ. ಪುಟಕ್ಕೆ ನಂಬರು ಹಾಕಿಯೇ ಕೊಡ್ತೀನಿ, ಹರಿಯೋಕೆ ಬರಬಾರದು.

— ಫೀಸು ಕಟ್ಟೋಕೆ ಕೊನೇ ದಿನ ಯಾವತ್ತು?

— ಬರೋ ಸೋಮವಾರ.

— ಕಟ್ಟಬೇಡಿ. ಹತ್ತು ಸೆಕೆಂಡ್ ಮೊದಲು ಬರಲಿ.